ಪಕಾರದ ಲೆಕ್ಕ

2016ರ ಡಿಸೆಂಬರಿನಲ್ಲಿ ಅಪ್ಪ, ಅಮ್ಮ ಮೊದಲ ಸಲ ದುಬೈಗೆ ಬಂದರು. ಅವರ ವಿಸಿಟ್ ವೀಸಾದ ಅರ್ಜಿಯನ್ನು ಸತ್ವಾದ ಒಂದು ಟೈಪಿಂಗ್ ಸೆಂಟರಿನಲ್ಲಿ ನಾನೇ ಕೂತು ಮಾಡಿಸಿದ್ದೆ. ಬಂದ ಮರುದಿನ ಬೆಳಿಗ್ಗೆ ಅಪ್ಪ ಚಹಾದ ಲೋಟ ಪಕ್ಕಕ್ಕಿಟ್ಟು, ಆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದರಲ್ಲಿ ನನ್ನ ಹೆಸರು ಎಲ್ಲುಂಟು? ಓದು ನೋಡುವ" ಎಂದರು. ನನಗೆ ಬರುವ ಅರಬಿ ಇನ್‌ವಾಯ್ಸ್ ಓದುವಷ್ಟೇ. ಬೆರಳಿಟ್ಟು ಬಲದಿಂದ ಎಡಕ್ಕೆ ಅಕ್ಷರ ಕೂಡಿಸಿದೆ. ಅಪ್ಪನ ಹೆಸರು ಪದ್ಮನಾಭ. ಕಾಗದದಲ್ಲಿದ್ದದ್ದು ಬಾದ್ಮಾನಾಭಾ.

"ಪಾಪ, ಇವರ ಭಾಷೆಯಲ್ಲಿ ಪಕಾರ ಇಲ್ಲ ಅಪ್ಪ" ಎಂದೆ.

ಪುತ್ತೂರು ತಾಲೂಕಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಂಡಿತರಾಗಿದ್ದವರು ಅವರು. ನಕ್ಕರು. "ನಮ್ಮಲ್ಲಿ ಇದ್ದದ್ದು ಎಲ್ಲಿಗೆ ಹೋಯಿತು ಮಾರಾಯ?"

ನಾನು ಬಿಕಾಂ, ಸಿಎ ಓದಿದವನು. ಇದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದೇ ನನ್ನ ಉದ್ಯೋಗ. ಆದರೆ ಮನೆಯ ಭಾಷೆಯ ಬಗ್ಗೆ ಆ ಪ್ರಶ್ನೆ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಅಪ್ಪ ಇಲ್ಲಿದ್ದ ಎರಡು ತಿಂಗಳಲ್ಲಿ ಸಂಜೆಯ ವಾಕಿಂಗ್ ಎಲ್ಲ ಇದೇ ಲೆಕ್ಕದಲ್ಲಿ ಕಳೆಯಿತು. ಈ ಪ್ರಬಂಧ ಹೆಚ್ಚಿನಂಶ ಅವರದು. ಕೊನೆಗೆ ಒಂದು ಕಡೆ ಮಾತ್ರ ನನಗೂ ಅವರಿಗೂ ಲೆಕ್ಕ ತಾಳೆಯಾಗಲಿಲ್ಲ, ಅಷ್ಟು ನನ್ನದು.

ಧ್ವನಿಗಳ ಪಾಠಕ್ಕೆ ಸತ್ವಾದಂಥ ಜಾಗ ಇನ್ನೊಂದು ಸಿಗಲಿಕ್ಕಿಲ್ಲ. ದಿಯಾಫಾ ರಸ್ತೆ ಎಂದು ಹಳಬರು ಕರೆಯುವ, ಈಗ ಡಿಸೆಂಬರ್ ಎರಡರ ಹೆಸರು ಹೊತ್ತಿರುವ ರಸ್ತೆಯಿಂದ ಬಸ್ ನಿಲ್ದಾಣದ ಕಡೆ ನಡೆದರೆ ದರ್ಜಿಗಳು, ಮಲಯಾಳಿ ಕೆಫೆಟೇರಿಯಾಗಳು, ಪಾಕಿಸ್ತಾನಿ ಹೋಟೆಲು, ಫಿಲಿಪೀನಿ ಸಲೂನುಗಳು ಸಿಗುತ್ತವೆ. ಪೆಪ್ಸಿ ಡಬ್ಬಿಯ ಮೇಲೆ ಅರಬಿಯಲ್ಲಿ ಇರುವುದು 'ಬೀಬ್ಸಿ'. ಅದೇ ಅಂಗಡಿಯ ಫಿಲಿಪೀನಿ ಹುಡುಗಿ ಐವತ್ತು ದಿರಾಮಿಗೆ 'ಪಿಪ್ಟಿ' ಎನ್ನುತ್ತಾಳೆ. ಅವಳ ತಾಗಾಲೊಗ್ ಭಾಷೆಯಲ್ಲಿ ಮೂಲತಃ ಫಕಾರವಿಲ್ಲ. ಆ ದೇಶಕ್ಕೆ ಹೆಸರು ಬಂದದ್ದು ಸ್ಪೇನಿನ ಫಿಲಿಪ್ ರಾಜನಿಂದ, ಆದರೆ 1959ರಲ್ಲಿ ರಾಷ್ಟ್ರಭಾಷೆಗೆ ಅವರು ಇಟ್ಟ ಹೆಸರು 'ಪಿಲಿಪಿನೊ'. 1987ರ ಸಂವಿಧಾನದಲ್ಲಿ ಅದು 'ಫಿಲಿಪಿನೊ' ಆಯಿತು. ಹೀಗೆ ಕೌಂಟರಿನ ಒಂದು ಬದಿಯಲ್ಲಿ ಪ ಇಲ್ಲದವರು, ಇನ್ನೊಂದು ಬದಿಯಲ್ಲಿ ಫ ಇಲ್ಲದವರು. ವ್ಯಾಪಾರಕ್ಕೆ ಅದರಿಂದ ಯಾವ ಅಡ್ಡಿಯೂ ಇಲ್ಲ.

ನಗುವ ಮೊದಲು ಒಂದು ಮಾತು. ಸತ್ವಾ ಎಂಬ ಹೆಸರನ್ನೇ ನಮಗೆ ಸರಿಯಾಗಿ ಹೇಳಲು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ರಾಗಿಮುದ್ದೆಯ ಸತ್ವದ ಹಾಗೆ ಕಾಣುವ ಈ ಹೆಸರಿನ ತಕಾರ ನಮ್ಮ ತ ಅಲ್ಲ, ಟ ಅಂತೂ ಅಲ್ಲವೇ ಅಲ್ಲ. ನಾಲಗೆಯ ಬುಡವನ್ನು ಹಿಂದಕ್ಕೆ ಎಳೆದು ಹೇಳುವ ಒಂದು ಭಾರದ ತ. ಇಪ್ಪತ್ತು ವರ್ಷದಿಂದ ಇಲ್ಲಿದ್ದರೂ ನಾನು ಹೇಳುವ ಸತ್ವಾ ಕೇಳಿ ಆಫೀಸಿನ ಅರಬ್ ಸಹೋದ್ಯೋಗಿ ಇನ್ನೂ ಮುಗುಳ್ನಗುತ್ತಾನೆ.

ಒಂದು ಸಂಜೆ ದಿನಸಿ ಅಂಗಡಿಯಲ್ಲಿ ಅಪ್ಪ ಕಾಳುಮೆಣಸಿನ ಪೊಟ್ಟಣ ಎತ್ತಿಕೊಂಡು, ಅರಬಿಯಲ್ಲಿ ಏನು ಬರೆದಿದೆ ಎಂದು ಕೇಳಿದರು. 'ಫಿಲ್ಫಿಲ್' ಎಂದೆ. ಅವರು ಅಲ್ಲಿಯೇ ನಿಂತುಬಿಟ್ಟರು. "ಇದು ನಮ್ಮ ಹಿಪ್ಪಲಿ ಅಲ್ಲವಾ!"

ಹೌದು. ಸಂಸ್ಕೃತದ ಪಿಪ್ಪಲಿ ಪಶ್ಚಿಮಕ್ಕೆ ಹೊರಟು ಗ್ರೀಕರಲ್ಲಿ ಪೆಪೆರಿ, ಇಂಗ್ಲಿಷಿನಲ್ಲಿ ಪೆಪ್ಪರ್ ಆಯಿತು. ದಾರಿಯಲ್ಲಿ ಉದ್ದ ಹಿಪ್ಪಲಿಯ ಹೆಸರು ದುಂಡು ಮೆಣಸಿಗೆ ಅಂಟಿಕೊಂಡಿತು. ಪರ್ಸಿಯನ್ ಬಾಯಲ್ಲಿ ಪಿಲ್ಪಿಲ್ ಆದದ್ದು ಅರಬಿಗೆ ಬಂದು ಫಿಲ್ಫಿಲ್. ಪರ್ಸಿಯನ್ನರ ಆನೆ 'ಪೀಲ್' ಕೂಡ ಇಲ್ಲಿ 'ಫೀಲ್', ಅವರ 'ಪಾರ್ಸ್' ಪ್ರಾಂತ 'ಫಾರ್ಸ್'. ಇದು ಸಾಲದ ಶಬ್ದಗಳಿಗೆ ಮಾತ್ರ ಆದದ್ದಲ್ಲ. ಅರಬಿ, ಹೀಬ್ರೂ ಎರಡಕ್ಕೂ ಮೂಲವಾದ ಭಾಷೆಯಲ್ಲಿ ಪಕಾರವಿತ್ತು. ಹೀಬ್ರೂವಿನಲ್ಲಿ ಬಾಯಿಗೆ 'ಪೆ', ಅರಬಿಯಲ್ಲಿ 'ಫಮ್'. ಅಂದರೆ ಅರಬಿಗೆ ಪಕಾರ ಇಲ್ಲವೆನ್ನುವುದಕ್ಕಿಂತ, ಇದ್ದ ಪಕಾರವನ್ನು ಅದು ಫಕಾರದ ಖಾತೆಗೆ ವರ್ಗಾಯಿಸಿತು ಎನ್ನುವುದು ಸರಿ. ಆಮೇಲೆ ಹೊರಗಿನಿಂದ ಬಂದ ಪೆಪ್ಸಿ, ಪದ್ಮನಾಭರಿಗೆ ಬಕಾರದ ಬಾಡಿಗೆ ಮನೆ.

ನಮ್ಮ ಹಿಪ್ಪಲಿಯೂ ಅದೇ ಕೆಲಸ ಮಾಡಿತು, ಆದರೆ ಅರ್ಧ. ಮೊದಲ ಪ ಹೋಗಿ ಹ ಆಯಿತು, ನಡುವಿನ ಒತ್ತಕ್ಷರ 'ಪ್ಪ' ಜಗ್ಗಲಿಲ್ಲ. ಕನ್ನಡದ ನಿಯಮವೇ ಅದು. ಉಪ್ಪು, ತಪ್ಪು, ಕಪ್ಪು ಹಾಗೆಯೇ ಉಳಿದವು. ಪದದ ತಲೆಯಲ್ಲಿದ್ದ ಪಕಾರ ಮಾತ್ರ ಸಡಿಲಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು. ಬಹಳ ಹಿಂದೆ ಸಂಸ್ಕೃತದಿಂದ ಬಂದು ಮನೆಮಗನಾಗಿದ್ದ ಶಬ್ದಗಳೂ ಜೊತೆಗೇ ಹೋದವು: ಪಕ್ಷಿ ಹಕ್ಕಿ, ಪರ್ವ ಹಬ್ಬ. ತುಟಿ ಕೂಡಿಸಿ ಬಿಡುವ ಶ್ರಮ ಬಿಟ್ಟು ಉಸಿರನ್ನಷ್ಟೇ ಉಳಿಸಿಕೊಂಡದ್ದು. ಪಂಪಾಕ್ಷೇತ್ರ ಹಂಪೆಯಾಯಿತು, ಕವಿ ಪಂಪ ಮಾತ್ರ ಪಂಪನಾಗಿಯೇ ಉಳಿದ.

ಕನ್ನಡದ ಬಹು ಹಳೆಯ ಶಾಸನ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹಲ್ಮಿಡಿ ಶಾಸನ. ಸುಮಾರು ಕ್ರಿ.ಶ. 450ರದ್ದು, ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಊರಿನಲ್ಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಗುರುತಿಸಿದ್ದು. ನಾನು ಇದನ್ನು ಒಂದೂವರೆ ಅಂಕದ ಉತ್ತರವಾಗಿ ಬರೆದವನು. ಆ ಶಾಸನದಲ್ಲಿ ಊರಿನ ಹೆಸರು ಹಲ್ಮಿಡಿ ಎಂದಿಲ್ಲ, ಪಲ್ಮಿಡಿ ಎಂದಿದೆ ಎಂದು ಅಪ್ಪ ಸತ್ವಾ ಬಸ್ ನಿಲ್ದಾಣದ ಎದುರಿನ ಕಟ್ಟೆಯ ಮೇಲೆ ಕೂತು ಹೇಳಿದಾಗ, ಒಂದು ಕಂಪನಿಯ ಸ್ಥಾಪನೆಯ ಪತ್ರದಲ್ಲಿಯೇ ಬೇರೆ ಹೆಸರು ಕಂಡ ಹಾಗಾಯಿತು. ಕಲ್ಲು ಅಲ್ಲಿಯೇ ಇತ್ತು, ಊರು ಅಲ್ಲಿಯೇ ಇತ್ತು, ಹೆಸರಿನ ಮೊದಲ ಅಕ್ಷರ ಜನರ ಬಾಯಲ್ಲಿ ಸವೆದುಹೋಯಿತು.

941ರಲ್ಲಿ ಕಾವ್ಯ ಬರೆದ ಪಂಪನದು ಪಕಾರದ ಕನ್ನಡ. ಆ ಶತಮಾನದಿಂದ ಈಚೆಗೆ ಶಾಸನಗಳಲ್ಲಿ ಹಕಾರ ತಲೆಹಾಕುತ್ತದೆ. 13ನೇ ಶತಮಾನದ ನಡುವಿನಲ್ಲಿ ವ್ಯಾಕರಣ ಬರೆದ ಕೇಶಿರಾಜ ಅದನ್ನು ವಿಕಲ್ಪವೆಂದು ಒಪ್ಪಿಕೊಂಡ: ಪ ಇದ್ದಲ್ಲಿ ಹ ಬರಬಹುದು. ಜನ ಆಗಲೇ ಮಾಡಿ ಮುಗಿಸಿದ್ದಕ್ಕೆ ಲೆಕ್ಕಿಗ ಕೊನೆಗೆ ಅನುಮೋದನೆಯ ಸಹಿ ಹಾಕುವುದು ನನಗೇನೂ ಹೊಸದಲ್ಲ. ಮತ್ತೆರಡು ಶತಮಾನಗಳಲ್ಲಿ ವಿಕಲ್ಪವೇ ನಿಯಮವಾಯಿತು. ನನ್ನ ಹೆಂಡತಿ ಮಂಡ್ಯದ ಕಡೆಯವಳು, ಅವಳ ಅಜ್ಜಿ ಹಾಲಿಗೆ 'ಆಲು' ಎನ್ನುತ್ತಿದ್ದರು. ಪಾಲ್, ಹಾಲು, ಆಲು. ನಮ್ಮ ಭಾಷೆಯಲ್ಲಿ ಇದಕ್ಕೆ ಸವಕಳಿ ಎನ್ನುತ್ತೇವೆ. ಪುಸ್ತಕದ ಬೆಲೆ ಸೊನ್ನೆಯಾದರೂ ಯಂತ್ರ ಓಡುತ್ತಲೇ ಇರುತ್ತದೆ, ಅಜ್ಜಿಯ ಆಲಿನಿಂದ ಮಜ್ಜಿಗೆ ಆಗದೆ ಇರಲಿಲ್ಲ.

ಈ ಮಾತಿನ ನಡುವೆ ಅಮ್ಮ ಸುಮ್ಮನೆ ಹಿಂದೆ ಬರುತ್ತಿದ್ದರು. ನಮ್ಮದು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಮ್ಮನಿಗೆ ಹುಲಿ ಇಂದಿಗೂ ಪಿಲಿ, ಹೂ ಇಂದಿಗೂ ಪೂ, ಹೆಸರು ಪುದರ್, ಹಾಲು ಪೇರ್. "ನಾವು ಏನೂ ಕಳಕೊಳ್ಳಲಿಲ್ಲ" ಎಂದು ತುಳುವಿನಲ್ಲಿ ಹೇಳಿ ಮುಂದೆ ನಡೆದರು.

ಅದು ಪೂರ್ತಿ ನಿಜವಲ್ಲ. ಕನ್ನಡ ಕಳೆದುಕೊಂಡ ಇನ್ನೊಂದು ಅಕ್ಷರವನ್ನು ತುಳುವೂ ಕಳೆದುಕೊಂಡಿದೆ.

2004ರಲ್ಲಿ ನಾನು ದುಬೈಗೆ ಬಂದಾಗ ಸತ್ವಾದ ಒಂದು ಹಳೆಯ ವಿಲ್ಲಾದಲ್ಲಿ ಆರು ಜನ ಒಂದು ರೂಮು ಹಂಚಿಕೊಂಡಿದ್ದೆವು. ಮೇಲಿನ ಬೆಡ್ಡಿನವನು ಕಲ್ಲಿಕೋಟೆಯವನು. ನಾನು ಅವನ ಊರಿನ ಹೆಸರು ಹೇಳಿದಾಗಲೆಲ್ಲ ಅವನಿಗೆ ಹೊಟ್ಟೆ ಹಿಡಿದುಕೊಂಡು ನಗುವಷ್ಟು ಸಂತೋಷ. ಕೋೞಿಕ್ಕೋಡ್ ಎನ್ನುವಾಗ ನಾಲಗೆ ಮೇಲಕ್ಕೆ ಮಡಚಿ, ಎಲ್ಲಿಯೂ ತಾಗದೆ, ಗಾಳಿ ಮಾತ್ರ ಜಾರುವ ಆ ೞ ನನಗೆ ಬರುವುದಿಲ್ಲ. ನಮ್ಮ ಹಿರಿಯರು ಆ ಅಕ್ಷರದ ಗೊಡವೆಯೇ ಬೇಡವೆಂದು ಕಲ್ಲಿಕೋಟೆ ಎಂದುಬಿಟ್ಟರು. ಅವನ ೞ ನಮ್ಮಲ್ಲಿಯೂ ಇದ್ದದ್ದು ಎಂದು ಆಗ ಗೊತ್ತಿದ್ದರೆ ಒಂದಷ್ಟು ಉತ್ತರ ಕೊಡಬಹುದಿತ್ತು. ಮಳೆ ನಮ್ಮಲ್ಲಿ ಮೞೆ ಆಗಿತ್ತು, ಕೋಳಿ ಕೋೞಿ, ಏಳು ಏೞು, ಬಾಳೆ ಬಾೞೆ. ಅವನಿಗೆ ಕೊಡಬಹುದಾಗಿದ್ದ ಮರುಉತ್ತರವೂ ಒಂದಿತ್ತು. ನಮ್ಮ ಕಿವಿ ಅವನಲ್ಲಿ 'ಚೆವಿ'. ಇಕಾರ, ಎಕಾರದ ಮುಂದಿನ ಕಕಾರವನ್ನು ತಮಿಳು, ಮಲಯಾಳ ಚಕಾರ ಮಾಡಿಕೊಂಡವು, ಕನ್ನಡ ಕಾಪಾಡಿಕೊಂಡಿತು. ಕೊಲ್ಲಿಯ ಅರಬರೂ ಕೆಲವು ಶಬ್ದಗಳಲ್ಲಿ ಅದನ್ನೇ ಮಾಡುತ್ತಾರೆ, ಪುಸ್ತಕದ ಅರಬಿಯ 'ಕಲ್ಬ್', ಅಂದರೆ ನಾಯಿ, ಇಲ್ಲಿ 'ಚಲ್ಬ್'. ಆ ವಿಲ್ಲಾವನ್ನು ಆಮೇಲೆ ಕೆಡವಿದರು. ರೂಮಿನವರು ಚದುರಿದರು.

ಹಳಗನ್ನಡ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಅದರ ಹಳೆಯ ರೂಪ ಪೞಗನ್ನಡ. ಪ ಹೋಗಿ ಹ, ೞ ಹೋಗಿ ಳ. ಹಳೆಯದನ್ನು ಹೆಸರಿಸುವ ಶಬ್ದದಲ್ಲಿ ಹಳೆಯ ಎರಡು ಧ್ವನಿಗಳೂ ಇಲ್ಲ. ತುಳುವಿನಲ್ಲಿ ಹಳೆಯದಕ್ಕೆ 'ಪರ', ಬಾಳೆಗೆ 'ಬಾರೆ'. ಅಮ್ಮನ ಕಡೆಯವರು ಪಕಾರ ಉಳಿಸಿಕೊಂಡು ೞಕಾರವನ್ನು ರೇಫಕ್ಕೆ ಬಿಟ್ಟುಕೊಟ್ಟರು.

10ನೇ ಶತಮಾನದ ಹೊತ್ತಿಗೇ ೞ ಇರಬೇಕಾದಲ್ಲಿ ಳ ಕಾಣಿಸತೊಡಗುತ್ತದೆ. ಕೇಶಿರಾಜನ ಕಾಲಕ್ಕೆ ಗೊಂದಲ ಎಷ್ಟಿತ್ತೆಂದರೆ, ಯಾವ ಯಾವ ಶಬ್ದಕ್ಕೆ ೞ ಬರೆಯಬೇಕು ಎಂದು ಅವನು ಪಟ್ಟಿಯೇ ಕೊಡಬೇಕಾಯಿತು. ರಳ, ಕುಳ, ಕ್ಷಳ ಎಂದು ಮೂರು ಬಗೆಯ ಳಕಾರಗಳನ್ನು ಬೇರ್ಪಡಿಸಿ ಹೆಸರಿಟ್ಟ, ಈ ೞ ಅವನ ರಳ. ನಾನು ಸ್ಟಾಕ್ ಎಣಿಸಲು ಗೋದಾಮುಗಳಿಗೆ ಹೋದವನು. ಯಾವ ಸರಕಿನ ಮೇಲೆ ಅನುಮಾನವೋ ಅದನ್ನೇ ಒಂದೊಂದಾಗಿ ಎಣಿಸುತ್ತೇವೆ. ಎಲ್ಲರ ನಾಲಗೆಯ ಮೇಲೂ ಇರುವ ಧ್ವನಿಗೆ ಯಾರೂ ಪಟ್ಟಿ ಮಾಡುವುದಿಲ್ಲ. ಕೇಶಿರಾಜನ ಪಟ್ಟಿ ನನಗೆ ವ್ಯಾಕರಣಕ್ಕಿಂತ ಹೆಚ್ಚಾಗಿ ಖಾಲಿಯಾಗುತ್ತಿದ್ದ ಗೋದಾಮಿನ ದಾಖಲೆಯ ಹಾಗೆ ಕಾಣುತ್ತದೆ. ಅಪ್ಪ ಈ ಹೋಲಿಕೆಯನ್ನು ಒಪ್ಪಲಿಲ್ಲ. "ಎಲ್ಲದಕ್ಕೂ ನಿನ್ನ ಗೋದಾಮು!" ಎಂದರು.

ಇನ್ನೊಂದು ಅಕ್ಷರ ಱ. ಇದು ಉಚ್ಚಾರದಿಂದ ಹೋದ ಮೇಲೂ ಬರಹದಲ್ಲಿ ಬಹಳ ಕಾಲ ಉಳಿಯಿತು. ಮೂಱು, ಆಱು, ನೂಱು ಎಲ್ಲ ಅದರವು. ಹಸು ಕಱೆಯುವುದು ಬೇರೆ, ಮಗುವನ್ನು ಕರೆಯುವುದು ಬೇರೆ ಆಗಿದ್ದವು, ಈಗ ಎರಡೂ ಒಂದೇ. ಬದುಕು ಎಂಬ ಅರ್ಥದ ಬಾೞ್, ಕತ್ತಿ ಎಂಬ ಅರ್ಥದ ಬಾಳ್ ಕೂಡ ಬೇರೆ ಬೇರೆ ಇದ್ದವು. ಕತ್ತಿಯ ಬಾಳು ಬಳಕೆಯಿಂದ ಹಿಂದೆ ಸರಿಯಿತು, ಬದುಕಿನ ಬಾಳು ಉಳಿಯಿತು. ಎರಡು ಧ್ವನಿ ಒಂದಾದಾಗ ಭಾಷೆ ಹೀಗೆ ಎಲ್ಲೋ ಒಂದು ಕಡೆ ಹೊಂದಿಸಿಕೊಳ್ಳುತ್ತದೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲರ ನಿಘಂಟಿನಲ್ಲಿ ಇವೆರಡು ಅಕ್ಷರಗಳಿಗೂ ಜಾಗವಿದೆ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿಯೂ ಜಾಗವಿದೆ, ಆದರೆ ಅಲ್ಲಿ ಒಂದು ತಮಾಷೆ ನಡೆದಿದೆ. ನಮ್ಮ ೞಕ್ಕೆ ಅಲ್ಲಿ ಕೊಟ್ಟ ಇಂಗ್ಲಿಷ್ ಹೆಸರು 'ಕನ್ನಡ ಅಕ್ಷರ ಫ'. ಯಾರದೋ ಕಣ್ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಇಟ್ಟು ಸುಮ್ಮನಿದ್ದಾರೆ. ಪದ್ಮನಾಭ ಬಾದ್ಮಾನಾಭನಾದದ್ದು ಇದಕ್ಕಿಂತ ವಾಸಿ.

ಇಲ್ಲಿಂದ ನನ್ನ ಮಗಳ ಕಥೆ.

ಅಪ್ಪ ಬಂದಾಗ ಅವಳಿಗೆ ಆರು ವರ್ಷ. ಹುಟ್ಟಿದ್ದು, ಬೆಳೆಯುತ್ತಿರುವುದು ಇಲ್ಲಿಯೇ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಳ ಮಾತ್ರ ಇರಲಿಲ್ಲ. ಶಾಲೆಯ ಇಂಗ್ಲಿಷಿನಲ್ಲಿಲ್ಲ, ಹಿಂದಿಯಲ್ಲಿಲ್ಲ, ಅರಬಿ ತರಗತಿಯಲ್ಲಿಲ್ಲ, ನಾವಿಬ್ಬರೇ ಹೇಳಿದರೆ ಎಷ್ಟು ಕಿವಿಗೆ ಬಿದ್ದೀತು? ಅವಳಿಗೆ ಬಾಳೆ ಬಾಲೆ, ಹುಳಿ ಹುಲಿ. ಒಂದೇ ಹಣ್ಣಿಗೆ ನನ್ನ ಹಳೆಯ ರೂಮಿನವನದು ೞ, ಅಮ್ಮನದು ರ, ಅಪ್ಪನದು ಳ, ಮಗಳದು ಲ. ಒಮ್ಮೆ ಫೋನಿನಲ್ಲಿ, "ಅಜ್ಜ, ಊರಲ್ಲಿ ಮಲೆ ಬಂತಾ?" ಎಂದು ಕೇಳಿದ್ದಳು. "ಮಲೆ ಬರುವುದಿಲ್ಲ ಮಗಾ, ನಾವೇ ಅಲ್ಲಿಗೆ ಹೋಗಬೇಕು" ಎಂದಿದ್ದರು ಅಪ್ಪ.

ಅಪ್ಪನಿಗೆ ಅದು ನಗುವ ಸಂಗತಿ, ನನಗೆ ಅಲ್ಲ. ಊಟಕ್ಕೆ ಕೂತರೆ ನಾಲ್ಕು ಸಲ ತಿದ್ದುತ್ತಿದ್ದೆ. ಒಂದು ರಾತ್ರಿ ಅವಳು ಎದ್ದುಹೋದ ಮೇಲೆ ಅಪ್ಪ, "ನಾವು ಮೞೆಯನ್ನು ಮಳೆ ಮಾಡಿದವರು. ಅವಳು ಮಲೆ ಮಾಡಿದರೆ ಅಷ್ಟು ದೊಡ್ಡ ಅಪರಾಧ ಎಂತದು? ಕೇಶಿರಾಜ ಈಗ ಬಂದರೆ ನಮ್ಮಿಬ್ಬರಿಗೂ ಸೊನ್ನೆ ಕೊಡುತ್ತಾನೆ" ಎಂದರು.

ನಾನು ಉತ್ತರ ಕೊಡಲಿಲ್ಲ. ಉತ್ತರ ಸಿಕ್ಕಿದ್ದು ಎಷ್ಟೋ ತಡವಾಗಿ, ಮಗಳ ಶಾಲೆಯ ಒಂದು ಪ್ರಾಜೆಕ್ಟಿನಲ್ಲಿ. ಜಗತ್ತಿನ ಅತಿ ಚಿಕ್ಕ ವರ್ಣಮಾಲೆಗಳ ಬಗ್ಗೆ ಅವಳು ಬರೆಯಬೇಕಿತ್ತು. ಪಾಪುವಾ ನ್ಯೂ ಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದ ರೊಟೋಕಾಸ್ ಭಾಷೆಗೆ ಹನ್ನೆರಡೇ ಅಕ್ಷರ ಸಾಕು. ಅದರಲ್ಲಿ ಮ, ನ ಇಲ್ಲ. ಅಲ್ಲಿದ್ದು ಅಧ್ಯಯನ ಮಾಡಿದ ಫರ್ಚೌ ದಂಪತಿ 1969ರಲ್ಲಿ ಬರೆದದ್ದು ಇದು: ಆ ಜನರ ಬಾಯಲ್ಲಿ ಮೂಗಿನ ಧ್ವನಿ ಕೇಳಿಸುವುದು ಬಹುಮಟ್ಟಿಗೆ ಹೊರಗಿನವರು ತಮ್ಮ ಭಾಷೆಯನ್ನು ಆಡುವ ರೀತಿಯನ್ನು ಅಣಕಿಸುವಾಗ. ಹೊರಗಿನವನು ಮೂಗಿನಲ್ಲಿ ಆಡಿದ್ದಾನೋ ಇಲ್ಲವೋ, ಅಣಕದಲ್ಲಿ ಮಾತ್ರ ಅದು ಇರುತ್ತದೆ! ಈ ಜನಕ್ಕೆ ಮ, ನ ಎಂದೂ ಇರಲಿಲ್ಲವೇನೋ ಎಂದುಕೊಂಡರೆ, ಅದೇ ಭಾಷೆಯ ಆಯಿಟಾ ಎಂಬ ಉಪಭಾಷೆಯಲ್ಲಿ ಅವು ಉಳಿದಿವೆ. 2006ರಲ್ಲಿ ಸ್ಟುವರ್ಟ್ ರಾಬಿನ್ಸನ್ ಎರಡನ್ನೂ ಅಕ್ಕಪಕ್ಕ ಇಟ್ಟು, ನಡುನಾಡಿನವರಲ್ಲಿ ಬೇರೆ ಬೇರೆ ಇದ್ದ ಧ್ವನಿಗಳು ಕಾಲಾಂತರದಲ್ಲಿ ಒಂದಾದವು ಎಂದು ತೋರಿಸಿದರು. ಬ್ಯಾಂಕಿನ ಪುಸ್ತಕ, ನಮ್ಮ ಪುಸ್ತಕ ತಾಳೆ ನೋಡಿದ ಹಾಗೆ. ಮಲಯಾಳಿ ರೂಮಿನವನು ನನಗೆ ಆಯಿಟಾದವನು.

ನೀಲಗಿರಿಯ ಬಡಗರ ವಿಷಯ ಇನ್ನೂ ಹತ್ತಿರದ್ದು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ತಾವೆಂದು ಹೇಳುವ ಅವರ ಭಾಷೆ ಕನ್ನಡದ ಒಡಹುಟ್ಟು. ಎಮೆನೊ ಎಂಬ ವಿದ್ವಾಂಸರು 1939ರಲ್ಲಿ ಅದರ ಸ್ವರಗಳ ಬಗ್ಗೆಯೇ ಒಂದು ಲೇಖನ ಬರೆದರು. ನಮ್ಮ ಬಾಯಿ, ಬಳೆ, ಬೆಳೆ ಮೂರೂ ಬಡಗರಲ್ಲಿ 'ಬೆ'. ಬಾಯಿ ಎನ್ನುವಾಗ ನಾಲಗೆ ನೇರ, ಬಳೆಗೆ ತುಸು ಮಡಿಕೆ, ಬೆಳೆಗೆ ಪೂರ್ತಿ ಮಡಿಕೆ. ವ್ಯಂಜನವಾಗಿದ್ದ ಳ ಹೋಗಿದೆ, ಅದು ಮಾಡುತ್ತಿದ್ದ ನಾಲಗೆಯ ಮಡಿಕೆ ಪಕ್ಕದ ಸ್ವರದಲ್ಲಿ ಉಳಿದಿದೆ. ಎಲ್ಲಿ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು ನಾವು ಸಸ್ಪೆನ್ಸ್ ಅಕೌಂಟಿನಲ್ಲಿ ಇಡುವುದುಂಟು, ಬಿಸಾಡುವುದಿಲ್ಲ. ಬಡಗರೂ ಬಿಸಾಡಲಿಲ್ಲ.

ಅಪ್ಪನ ಮಾತಿನಲ್ಲಿ ನನಗೆ ತಾಳೆಯಾಗದ್ದು ಇಲ್ಲಿ. ರೊಟೋಕಾಸಿನವರು ಮ, ನ ಬಿಟ್ಟದ್ದು ಊರಿಗೆ ಊರೇ ಸೇರಿ. ಬಡಗರು ಳ ಬಿಟ್ಟದ್ದು, ಕನ್ನಡಿಗರು ೞ ಬಿಟ್ಟದ್ದು ಕೂಡ ಹೇಳುವವರು, ಕೇಳುವವರು ಒಟ್ಟಿಗೇ ಬದಲಾಗಿ. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಸತ್ವಾದ ಮೂರನೇ ಮಹಡಿಯಲ್ಲಿ ಒಂದು ಮಗು ಒಬ್ಬಳೇ ಳ ಬಿಟ್ಟರೆ ಅವಳ ಜೊತೆ ಬದಲಾಗಲು ಯಾರಿದ್ದಾರೆ? 2018ರ ಬೇಸಿಗೆಯಲ್ಲಿ ಪುತ್ತೂರಿಗೆ ಹೋದಾಗ ಅವಳು 'ಹುಲಿ ಸಾರು' ಕೇಳಿದಳು. ಓರಗೆಯ ಮಕ್ಕಳು ಇಡೀ ಮಧ್ಯಾಹ್ನ ಹುಲಿಯ ಹಾಗೆ ಗುರ್ ಎಂದರು. ಅವರದೇನೂ ತಪ್ಪಲ್ಲ, ಆ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಅಲ್ಲಿಂದ ಬಂದ ಮೇಲೆ ಅವಳು ನನ್ನೊಡನೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದಳು. ಮೊದಲು ಉದ್ದದ ವಾಕ್ಯಗಳು ಹೋದವು, ಆಮೇಲೆ ಚಿಕ್ಕವು. ಓರಗೆಯವರು ನಕ್ಕದ್ದು ಒಂದು ಮಧ್ಯಾಹ್ನ, ನಾನು ಊಟದ ತಟ್ಟೆಯ ಮೇಲೆ ತಿದ್ದಿದ್ದು ಆರು ವರ್ಷ. ಕೇಶಿರಾಜನ ಕೆಲಸ ಮಾಡಿದೆನೆಂದುಕೊಂಡಿದ್ದೆ. ಅವನು ಪಟ್ಟಿ ಬರೆದ, ಯಾರ ಊಟವನ್ನೂ ಕೆಡಿಸಲಿಲ್ಲ.

ಅಜ್ಜನ ಜೊತೆ ಮಾತ್ರ ಅವಳು ಕನ್ನಡ ಬಿಡಲಿಲ್ಲ. ಅಪ್ಪ ಅವಳಿಗೆ ವಾಟ್ಸ್ಆಪಿನಲ್ಲಿ ದಿನಕ್ಕೊಂದು ಜೋಡಿ ಕಳಿಸುತ್ತಿದ್ದರು: ಬೆಲೆ, ಬೆಳೆ. ಕಲೆ, ಕಳೆ. ಹಾಲು, ಹಾಳು. ಪ್ರತಿ ಜೋಡಿಗೂ ಒಂದು ಚಿಕ್ಕ ಸುಳ್ಳು ಕಥೆ. ತಿದ್ದಲು ಅಲ್ಲ, ನಗಿಸಲು. ಅವಳು ಉತ್ತರಕ್ಕೆ ಎರಡನ್ನೂ ಒಂದೇ ತರಹ ಹೇಳಿ ಕಳಿಸುತ್ತಿದ್ದಳು, ಅವರು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಿದ್ದರು. 2021ರಲ್ಲಿ ಅಪ್ಪ ತೀರಿಕೊಂಡರು. ಆ ಧ್ವನಿಗಳು ಅವಳ ಫೋನಿನಲ್ಲಿವೆ. ನಾನು ಕೇಳಿಸು ಎ೦ದಿಲ್ಲ.

2024ರ ಏಪ್ರಿಲ್ 16ರಂದು ದುಬೈಯಲ್ಲಿ ದಾಖಲೆಯ ಮಳೆ ಬಂತು. ರಸ್ತೆಯಲ್ಲಿ ಕಾರುಗಳು ತೇಲಿದವು, ವಿಮಾನ ನಿಲ್ದಾಣದ ರನ್‌ವೇ ಕೆರೆಯಾಯಿತು. ನಾನು ಬಾಲ್ಕನಿಯಿಂದ ಒಳಗೆ ಬರುತ್ತಿದ್ದ ನೀರನ್ನು ಬಕೆಟ್ಟಿಗೆ ಎತ್ತಿ ಹಾಕುತ್ತಿದ್ದೆ. ಹಿಂದೆ ಮಗಳು ಕಿಟಕಿಗೆ ಫೋನ್ ಹಿಡಿದು ಪುತ್ತೂರಿಗೆ ಕಳಿಸಲು ಮಾತು ತುಂಬುತ್ತಿದ್ದಳು. ಕನ್ನಡದಲ್ಲಿ. "ಅಜ್ಜೀ, ಇಲ್ಲಿ ಸಿಕ್ಕಾಪಟ್ಟೆ ಮಲೆ!"

ನಾನು ಬಕೆಟ್ ಬದಲಿಸಿದೆ, ಬಾಯಿ ತೆರೆಯಲಿಲ್ಲ.

ಐದು ನಿಮಿಷದಲ್ಲಿ ಅಮ್ಮನ ಉತ್ತರ ಬಂತು. ಮಲೆಯೂ ಇಲ್ಲ, ಮಳೆಯೂ ಇಲ್ಲ. "ಬರ್ಸನಾ?" ಎಂದರು ತುಳುವಿನಲ್ಲಿ, ಆಮೇಲೆ ಮೊಮ್ಮಗಳಿಗೆ ಅರ್ಥವಾಗಲೆಂದು ಕನ್ನಡದಲ್ಲಿ, "ಬಟ್ಟೆ ಒಳಗೆ ತೆಗೆದಿಟ್ಟಿದ್ದೀರಾ?"